ಹಳಿ ಪಕ್ಕದ ತೋಟಕ್ಕೆ ಪೈಪಿನ ದನತಡೆ: ಅಳತೆ, ಸಾಮಾನು, ಎಡವುವ ಜಾಗಗಳು

ಅರಸೀಕೆರೆ–ತಿಪಟೂರು ಮಾರ್ಗದ ಪಕ್ಕ ತೋಟ ಇದೆ, ದಿನಕ್ಕೆ ಹತ್ತು ಸಲ ಟ್ರ್ಯಾಕ್ಟರ್, ಬೈಕ್ ಓಡಾಡುವುದರಿಂದ ಗೇಟು ಯಾರೂ ಮುಚ್ಚುವುದಿಲ್ಲ, ದನ ಹಳಿಗೆ ಹೋಗುತ್ತವೆ, ನೆಲದಲ್ಲಿ ಪೈಪಿನ ತಡೆ ಹಾಕಿದರೆ ನಿಲ್ಲುತ್ತವೆಯೇ ಎಂದು ಕೇಳಿದ್ದೀರಿ. ಗೇಟಿನ ಜಾಗದಲ್ಲಿ ಗುಂಡಿ ತೋಡಿ, ಅದರ ಮೇಲೆ ದಾರಿಗೆ ಅಡ್ಡಲಾಗಿ ಸಂದು ಬಿಟ್ಟು ಪೈಪು ಜೋಡಿಸುವುದೇ ಈ ತಡೆ. ಗಾಡಿ ದಾಟುತ್ತದೆ, ದನ ದಾಟುವುದಿಲ್ಲ. ಹಸು, ಎಮ್ಮೆ, ಎತ್ತು ನಿಲ್ಲುತ್ತವೆ. ಮೇಕೆ ನಿಲ್ಲುವುದಿಲ್ಲ, ಅದು ಪೈಪಿನ ಮೇಲೇ ನಡೆದು ದಾಟುತ್ತದೆ. ಕುದುರೆ, ಕತ್ತೆ ಇದ್ದರೆ ಹಾಕಲೇಬೇಡಿ, ಕಾಲು ಸಿಕ್ಕಿ ಮುರಿಯುತ್ತದೆ.

ಮೊದಲು ಜಾಗದ ಮಾತು. ಇದನ್ನು ನಿಮ್ಮ ಸ್ವಂತ ಜಮೀನಿನ ಗೇಟಿನಲ್ಲಿ ಮಾತ್ರ ಹಾಕಿ. ರೈಲ್ವೆ ಗಡಿಕಲ್ಲಿನ ಆಚೆ ಒಂದು ಗೂಟವನ್ನೂ ಹೂಳುವ ಹಾಗಿಲ್ಲ. ಹಳಿ ಜಾಗಕ್ಕೆ ಅನುಮತಿಯಿಲ್ಲದೆ ಹೋಗುವುದೇ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಹಳೇ ರೈಲು ಕಂಬಿ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ತಂದುಕೊಟ್ಟರೆ ಹರಾಜಿನ ರಸೀದಿ ಕೇಳಿ. ರಸೀದಿಯಿಲ್ಲದ ಕಂಬಿ ಮನೆಯಲ್ಲಿದ್ದರೆ ಕೇಸು ನಿಮ್ಮ ಮೇಲೆಯೇ ಬರುತ್ತದೆ.

ತಡೆ ಕೆಲಸ ಮಾಡುವುದು ಒಂದೇ ಕಾರಣಕ್ಕೆ: ದನಕ್ಕೆ ಗೊರಸು ಊರಲು ಗಟ್ಟಿ ನೆಲ ಸಿಗಬಾರದು. ಅಂಗೈ ಅಗಲದ ಜಾಗ ಸಿಕ್ಕರೂ ಒಂದು ಜಾಣ ಹಸು ಅದನ್ನು ಹುಡುಕುತ್ತದೆ, ಉಳಿದವು ಅದರ ಹಿಂದೆ ಹೋಗುತ್ತವೆ. ಕೆಳಗಿನ ಅಳತೆಗಳೆಲ್ಲ ಅದಕ್ಕಾಗಿಯೇ.

ದಾರಿಯ ಅಗಲ 10 ಅಡಿ, ದಾಟುವ ಉದ್ದ 8 ಅಡಿ ಇರಲಿ. 6 ಅಡಿಗೆ ಇಳಿಸಿದರೆ ಹೋರಿ ಹಾರುತ್ತದೆ. 3 ಇಂಚಿನ ಸಿ ಕ್ಲಾಸ್ (ದಪ್ಪ ಗೋಡೆಯ) ಎಂ.ಎಸ್. (ಮೆದು ಉಕ್ಕಿನ) ಪೈಪು ತನ್ನಿ, ಹೊರ ಅಳತೆ 8.9 ಸೆಂ.ಮೀ. ಬರುತ್ತದೆ. ಒಂದೇ ದೊಡ್ಡ ಚೌಕಟ್ಟು ಮಾಡಿದರೆ ಹೂಳು ತೆಗೆಯಲು ಎತ್ತಲಾಗುವುದಿಲ್ಲ, ಆದ್ದರಿಂದ ಒಂದೂವರೆ ಮೀಟರ್ ಅಗಲದ ಎರಡು ಚೌಕಟ್ಟು ಮಾಡಿ ಪಕ್ಕಪಕ್ಕ ಕೂರಿಸಿ. ಒಂದೊಂದಕ್ಕೆ 13 ತುಂಡು, ಒಟ್ಟು 26. ಆರು ಮೀಟರಿನ 7 ಪೈಪಿನಲ್ಲಿ 28 ತುಂಡು ಬರುತ್ತವೆ. ಉಳಿದ ಎರಡನ್ನು ಪಕ್ಕದಲ್ಲಿ ಕೈಯಲ್ಲಿ ಹಿಡಿಯುವ ಕಂಬಿಗೆ ಬಳಸಿ. ಪೈಪುಗಳ ನಡುವಿನ ಸಂದು ಸುಮಾರು 10.5 ಸೆಂ.ಮೀ. ಬರುತ್ತದೆ. ಪೈಪಿನ ಬಾಯಿಗಳನ್ನು ತಗಡಿನಿಂದ ಮುಚ್ಚಿ ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಒಳಗಿನಿಂದ ತುಕ್ಕು ತಿನ್ನುತ್ತದೆ.

ಪೈಪಿನ ಕೆಳಗೆ ದಾಟುವ ದಿಕ್ಕಿಗೆ 150 ಮಿ.ಮೀ. ಐ-ಬೀಮು (I ಆಕಾರದ ಕಬ್ಬಿಣದ ತೊಲೆ), 2.75 ಮೀಟರ್ ಉದ್ದದವು, ಚೌಕಟ್ಟಿಗೆ ಮೂರು. 100ರ ಬೀಮು ಸಾಕು ಎಂದು ವೆಲ್ಡರ್ ಹೇಳಿದರೆ ಒಪ್ಪಬೇಡಿ, ತುಂಬಿದ ಟ್ರೇಲರ್ ಹತ್ತಿದಾಗ ಬಾಗುತ್ತದೆ. ಬೀಮನ್ನು ಪೈಪಿನ ತುದಿಗೇ ಕೂರಿಸದೆ 15 ಸೆಂ.ಮೀ. ಒಳಗೆ ಇಡಿ. ತುದಿಗೇ ಇಟ್ಟರೆ ಎರಡು ಚೌಕಟ್ಟು ಕೂಡುವ ನಡುಮಧ್ಯದಲ್ಲಿ ಎರಡು ಬೀಮು ಒತ್ತಟ್ಟಿಗೆ ಬಂದು ಒಂದು ಗೇಣಿನಷ್ಟು ಕಾಲುದಾರಿ ಆಗಿಬಿಡುತ್ತದೆ. ಬೀಮಿನ ಬದಲು ನಡುವೆ ಇಟ್ಟಿಗೆ ಗೋಡೆ ಕಟ್ಟಿಸುವವರೂ ಇದ್ದಾರೆ. ದನ ಆ ಗೋಡೆಯ ತಲೆಯ ಮೇಲೇ ನಡೆದುಹೋಗುತ್ತವೆ. ಒಟ್ಟು ಕಬ್ಬಿಣ 640 ಕೆಜಿ ಆಸುಪಾಸು, ಇಂದಿನ ಕೆಜಿ ದರದಿಂದ ಗುಣಿಸಿಕೊಳ್ಳಿ.

ಗುಂಡಿ ಪೈಪಿನ ಮೇಲ್ಮೈಯಿಂದ 60 ಸೆಂ.ಮೀ. ಆಳ ಸಾಕು. ಕಡಿಮೆಯಾದರೆ ಗೊರಸು ತಳ ಮುಟ್ಟುತ್ತದೆ. ಹೆಚ್ಚಾದರೆ ಅಪ್ಪಿತಪ್ಪಿ ಇಳಿದ ಕರು ತೊಡೆಯವರೆಗೆ ಸಿಕ್ಕಿಕೊಳ್ಳುತ್ತದೆ. ಬೀಮಿನ ತುದಿ ಕೂರುವ ಎರಡೂ ಕಡೆ 30 ಸೆಂ.ಮೀ. ದಪ್ಪದ ಕಾಂಕ್ರೀಟ್ ಗೋಡೆ, ಹತ್ತು ದಿನ ನೀರುಣಿಸಿದ ಮೇಲೆ ಚೌಕಟ್ಟು ಇಟ್ಟು ಬೋಲ್ಟ್ ಹಾಕಿ. ತಡೆಯ ಮೇಲ್ಮೈ ದಾರಿಗಿಂತ ಎರಡು ಇಂಚು ಎತ್ತರ ಇರಲಿ, ಮಳೆಯ ಕೆಸರುನೀರು ಒಳಗೆ ಹರಿಯಬಾರದು. ತಳಕ್ಕೆ ಇಳಿಜಾರು ಕೊಟ್ಟು 4 ಇಂಚಿನ ಪಿವಿಸಿ ಪೈಪಿನಿಂದ ನೀರು ಹೊರಹಾಕಿ. ಒಂದು ಮೂಲೆಯಲ್ಲಿ ಒರಟು ಚಪ್ಪಡಿಯನ್ನು ಓರೆಯಾಗಿ ನಿಲ್ಲಿಸಿ, ಬಿದ್ದ ಕಪ್ಪೆ, ಮೊಲ, ಉಡ ಹತ್ತಿ ಬರಲಿ. ಖರ್ಚಿಲ್ಲದ ಕೆಲಸ ಇದು, ದಯವಿಟ್ಟು ಬಿಡಬೇಡಿ.

ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಚೌಕಟ್ಟು ಎತ್ತಿ ಹೂಳು ತೆಗೆಸಿ. ಹಾಕಿದ ತಡೆ ಎರಡು ವರ್ಷಕ್ಕೆ ಕೆಲಸ ನಿಲ್ಲಿಸಿತು ಎನ್ನುವ ಕಡೆ ನೋಡಿದರೆ ಬಹುಪಾಲು ಹೂಳು, ತೆಂಗಿನ ಗರಿ, ಸೋಗೆ ತುಂಬಿಕೊಂಡಿರುತ್ತದೆ.

ಪಕ್ಕದಲ್ಲಿ 4 ಅಡಿಯ ಒಂದು ಚಿಕ್ಕ ಗೇಟು ಬೇಕೇ ಬೇಕು. ನಿಮ್ಮ ದನ ಮೇಯಲು ಹೋಗಬೇಕಲ್ಲ, ನಡೆದು ಬರುವ ವಯಸ್ಸಾದವರಿಗೂ ದಾರಿ ಬೇಕು. ಮಳೆಯಲ್ಲಿ ಪೈಪು ಜಾರುವುದರಿಂದ ಬೈಕನ್ನೂ ಅಲ್ಲಿಂದಲೇ ದಾಟಿಸಿ. ಬೈಕಿಗೆಂದು ತಡೆಯ ಮೇಲೆ ತಗಡಿನ ಪಟ್ಟಿ ಹಾಸಬೇಡಿ, ಅದೇ ದನದ ಸೇತುವೆ ಆಗುತ್ತದೆ. ಚಿಕ್ಕ ಗೇಟು ತನ್ನಷ್ಟಕ್ಕೆ ಮುಚ್ಚುವಂತೆ ಮೇಲಿನ ತಿರುಗಣಿಯನ್ನು ಸ್ವಲ್ಪ ಓರೆಯಾಗಿಡಿ. ಮಲೆನಾಡಿನ ತಡಮೆಯ ಹಾಗೆ ಮನುಷ್ಯರು ಮಾತ್ರ ನುಸುಳುವ ಸಂದು ಬಿಟ್ಟರೆ ಇನ್ನೂ ಒಳ್ಳೆಯದು.

ಬೇಲಿ ಸರಿಯಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಹಣ ವ್ಯರ್ಥ. 2022ರ ಅಕ್ಟೋಬರಿನಲ್ಲಿ ಅಹಮದಾಬಾದ್ ಹತ್ತಿರ ವಂದೇ ಭಾರತ್ ಎಮ್ಮೆಗಳಿಗೆ ಗುದ್ದಿದ ಮೇಲೆ ರೈಲ್ವೆಯವರು ಮುಂಬೈ–ಅಹಮದಾಬಾದ್ ಮಾರ್ಗದ ಉದ್ದಕ್ಕೆ ಲೋಹದ ತಡೆಬೇಲಿ ಹಾಕಲು ಹೊರಟಿದ್ದು ಇದಕ್ಕೇ. ನೆಲದ ತಡೆ ಬಾಗಿಲನ್ನಷ್ಟೇ ಕಾಯುತ್ತದೆ. ಏಳು ಅಡಿಯ ಕಲ್ಲುಕಂಬ, ಎರಡು ಅಡಿ ನೆಲದೊಳಗೆ, ಹತ್ತು ಅಡಿಗೊಂದು, ಐದು ಸಾಲು ತಂತಿ. ತಡೆಯ ಅಂಚಿಗೂ ಮೊದಲ ಕಂಬಕ್ಕೂ ನಡುವೆ ಸಂದು ಬಿಡಬೇಡಿ.

ತಂತಿಯ ವಿಷಯದಲ್ಲಿ ಒಂದು ಅಪಾಯ ಹೆಚ್ಚಿನವರಿಗೆ ಗೊತ್ತಿಲ್ಲ. ವಿದ್ಯುದೀಕರಣವಾದ ಮಾರ್ಗದಲ್ಲಿ ಹಳಿಯ ಮೇಲಿನ ತಂತಿಯಲ್ಲಿ 25 ಕಿಲೋವೋಲ್ಟ್ ಇರುತ್ತದೆ. ಅದಕ್ಕೆ ಸಮಾನಾಂತರವಾಗಿ ಉದ್ದಕ್ಕೆ ಎಳೆದ ಬೇಲಿ ತಂತಿಯಲ್ಲಿ ಯಾವ ಸಂಪರ್ಕವೂ ಇಲ್ಲದೆ ವೋಲ್ಟೇಜು ಹುಟ್ಟುತ್ತದೆ, ಕಲ್ಲುಕಂಬ ಅದನ್ನು ಭೂಮಿಗೆ ಇಳಿಯಗೊಡುವುದಿಲ್ಲ. ತಂತಿಯನ್ನು ತುಂಡುತುಂಡಾಗಿ ಬೇರ್ಪಡಿಸಿ ಪ್ರತಿ ತುಂಡಿಗೂ ಅರ್ಥಿಂಗ್ ಸರಳು ಬಡಿಯಬೇಕು. ಸೋಲಾರ್ ಬೇಲಿಯನ್ನು ಆ ಬದಿಗೆ ಎಳೆಯುವ ಮುಂಚೆ ರೈಲ್ವೆಯ ವಿದ್ಯುತ್ ವಿಭಾಗದವರನ್ನು ಕೇಳಿಯೇ ಮುಂದುವರಿಯಿರಿ.

ದನ ಹಳಿಗೇ ಏಕೆ ಹೋಗುತ್ತವೆ ಎಂದೂ ನೋಡಿ. ಬೇಸಿಗೆಯಲ್ಲಿ ಹಳಿ ಬದಿಯ ಚರಂಡಿಯಲ್ಲೇ ಹಸಿರು ಉಳಿದಿರುತ್ತದೆ. ನೀರಿನ ತೊಟ್ಟಿ, ಮೇವಿನ ಗೊಂತನ್ನು ತೋಟದ ಇನ್ನೊಂದು ಬದಿಗೆ ಸರಿಸಿದರೆ ಬೇಲಿಯ ಮೇಲಿನ ಒತ್ತಡ ಅರ್ಧ ಇಳಿಯುತ್ತದೆ.

ಅಷ್ಟಾಗಿಯೂ ದನ ಹಳಿ ಮೇಲೆ ಕಂಡರೆ ಹೊಡೆದೋಡಿಸಲು ನೀವು ಹಳಿಗೆ ಇಳಿಯಬೇಡಿ. ವೇಗದ ರೈಲು ನಿಲ್ಲಲು ಒಂದು ಕಿಲೋಮೀಟರ್ ಹತ್ತಿರ ಬೇಕು, ವಿದ್ಯುತ್ ಇಂಜಿನ್ ಹತ್ತಿರ ಬರುವವರೆಗೆ ಸದ್ದೂ ಕೇಳುವುದಿಲ್ಲ. ಗೇಟ್‌ಮ್ಯಾನ್‌ಗೆ ಅಥವಾ ಸ್ಟೇಷನ್ ಮಾಸ್ಟರ್‌ಗೆ ತಿಳಿಸಿ, ಇಲ್ಲವೇ 139ಕ್ಕೆ ಕರೆ ಮಾಡಿ ಹತ್ತಿರದ ಕಂಬದ ಮೇಲೆ ಬರೆದ ಕಿಲೋಮೀಟರ್ ಸಂಖ್ಯೆ ಹೇಳಿ.

ನಿಮ್ಮ ದಾರಿಯ ಅಗಲ, ಓಡಾಡುವ ಅತಿ ಭಾರದ ಗಾಡಿ ಯಾವುದು, ನೀರು ಯಾವ ಕಡೆ ಹರಿಯುತ್ತದೆ, ಮೂರನ್ನೂ ಇಲ್ಲೇ ಬರೆಯಿರಿ. ಪೈಪು, ಬೀಮಿನ ಲೆಕ್ಕ ಮಾಡಿಕೊಡುತ್ತೇನೆ.