ಆಂಕರ್ ಉದ್ದವಾದಷ್ಟೂ ಹಿಡಿತ ಹೆಚ್ಚುವುದೇ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಪಕ್ಕದ ನಿವೇಶನದಲ್ಲಿ ನೆಲಮಾಳಿಗೆಗಾಗಿ ಆಳವಾದ ಗುಂಡಿ ತೋಡಿದ್ದಾರೆ. ಅದರ ಗೋಡೆ ಕುಸಿಯದಂತೆ ಓರೆಯಾಗಿ ರಂಧ್ರ ಕೊರೆದು, ಉಕ್ಕಿನ ಎಳೆಗಳನ್ನು ತೂರಿಸಿ, ಗ್ರೌಟ್ ಎಂಬ ತೆಳು ಸಿಮೆಂಟ್ ಕಲಸು ತುಂಬಿ, ಎಳೆದು ಬಿಗಿಯುತ್ತಿದ್ದಾರೆ. ಇದಕ್ಕೆ ಆಂಕರ್ ಎನ್ನುತ್ತಾರಂತೆ. ಗ್ರೌಟ್ ಹಿಡಿಯುವ ಭಾಗ 10 ಮೀಟರ್ ಇದೆಯಂತೆ. ಅದನ್ನು 20 ಮಾಡಿದರೆ ಬಲ ಇಮ್ಮಡಿಯಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಮಣ್ಣಿನಲ್ಲಾದರೆ ಸುಮಾರು ಮೂರನೇ ಒಂದು ಪಾಲು ಹೆಚ್ಚಬಹುದು, ಅಷ್ಟೇ. ಬ್ರಿಟಿಷ್ ಮಾನಕ ಬಿಎಸ್ 8081 ಹಿಡಿತದ ಉದ್ದವನ್ನು ಸಾಮಾನ್ಯವಾಗಿ 3ರಿಂದ 10 ಮೀಟರಿನೊಳಗೆ ಇರಿಸಿರುವುದೂ ಇದರಿಂದಲೇ.

ಉಕ್ಕು ಹಿಗ್ಗುವುದೇ ಇದಕ್ಕೆ ಕಾರಣ. 15.2 ಮಿ.ಮೀ. ವ್ಯಾಸದ ಒಂದು ಎಳೆಯನ್ನು 15 ಟನ್ನಿನಷ್ಟು ಬಲದಿಂದ ಎಳೆದರೆ ಅದು ಮೀಟರಿಗೆ ಸುಮಾರು ಐದೂವರೆ ಮಿ.ಮೀ. ಹಿಗ್ಗುತ್ತದೆ. ಹೀಗಾಗಿ ಗ್ರೌಟಿನೊಳಗೆ ಹೊರಬದಿಯ, ಅಂದರೆ ಗುಂಡಿಗೆ ಹತ್ತಿರದ, ತುದಿಯೇ ಮೊದಲು ಸರಿಯಲು ನೋಡುತ್ತದೆ, ಅಲ್ಲಿಯೇ ಬಲದ ದೊಡ್ಡ ಪಾಲು ನೆಲಕ್ಕೆ ದಾಟುತ್ತದೆ, ಮಿಕ್ಕದ್ದಷ್ಟೇ ಒಳಗಿನ ತುದಿಯತ್ತ ಸಾಗುತ್ತದೆ. ಎಳೆತ ಹೆಚ್ಚಿದಂತೆ ಹೊರಬದಿಯ ಹಿಡಿತ ಸೋತು ಅಲ್ಪಸ್ವಲ್ಪ ಘರ್ಷಣೆಯಷ್ಟೇ ಉಳಿಯುತ್ತದೆ, ಒತ್ತಡದ ಶಿಖರ ಒಳಕ್ಕೆ ಸರಿಯುತ್ತದೆ. ಒಳತುದಿ ತನ್ನ ಪೂರ್ಣ ಬಲ ತೋರುವ ಹೊತ್ತಿಗೆ ಹೊರತುದಿ ಆಗಲೇ ಕೈಬಿಟ್ಟಿರುತ್ತದೆಯಾದ್ದರಿಂದ, ಇಡೀ ಉದ್ದ ಒಟ್ಟಾಗಿ ದುಡಿಯುವ ಕ್ಷಣ ಬರುವುದೇ ಇಲ್ಲ. ಲೆಕ್ಕದಲ್ಲಿ ಮಾತ್ರ ಉದ್ದಕ್ಕೂ ಒಂದೇ ಸರಾಸರಿ ಒತ್ತಡವನ್ನು ಹಿಡಿಯುವುದು ರೂಢಿ. ಗಿಡ್ಡ ಆಂಕರಿಗೆ ಅದು ಸಾಕು, ಉದ್ದದ್ದಕ್ಕೆ ಅಪಾಯಕರ.

ಬಂಡೆಯ ವಿಷಯ ಇನ್ನೂ ಕುತೂಹಲಕರ. ಚಾಮುಂಡಿ ಬೆಟ್ಟದಲ್ಲಿ ಕಾಣುವಂಥ ಗಟ್ಟಿ ಗ್ರಾನೈಟು ಗ್ರೌಟಿಗಿಂತಲೂ ಬಿಗಿಯಾಗಿ, ಅಂದರೆ ಎಳೆತಕ್ಕೆ ಕಡಿಮೆ ಹಿಗ್ಗುವಂತೆ, ಇರುವುದರಿಂದ ಒತ್ತಡವೆಲ್ಲ ಮೊದಲ ಸ್ವಲ್ಪ ದೂರದಲ್ಲೇ ಗುಡ್ಡೆಯಾಗಿ, ಮುಂದೆ ಥಟ್ಟನೆ ಇಳಿಯುತ್ತದೆ. ಶಿಥಿಲಗೊಂಡ ಮೆದು ಕಲ್ಲಿನಲ್ಲಿ, ಅಂದರೆ ಆಂಕರಿನ ಬಿಗುವು ಕಲ್ಲಿನದಕ್ಕಿಂತ ಹತ್ತು ಪಟ್ಟಿಗೂ ಮೀರಿದಾಗ, ಒತ್ತಡ ಹೆಚ್ಚುಕಡಿಮೆ ಸಮನಾಗಿ ಹರಡುತ್ತದೆ. ಗಟ್ಟಿ ಬಂಡೆಯಲ್ಲಿ ಹೀಗೆ ಒಂದೆಡೆ ಜಮೆಯಾದರೂ ಚಿಂತೆಯಿಲ್ಲ, ಅದರ ಹಿಡಿತವೇ ಬಲು ಹೆಚ್ಚು. ನಿಮ್ಮಲ್ಲಿ ಮೇಲೆ ಗರಸು, ಕೆಳಗೆ ಕಲ್ಲು ಇದ್ದರೆ, ಉದ್ದ ಹೆಚ್ಚಿಸುವುದಕ್ಕಿಂತ ಹಿಡಿತದ ಭಾಗವನ್ನು ಪೂರ್ತಿ ಕಲ್ಲಿನಲ್ಲಿ ಕೂರಿಸುವುದು ಲೇಸು.

ಮಣ್ಣಿನಲ್ಲೇ ಹೆಚ್ಚು ಬಲ ಬೇಕಾದರೆ ಒಂದೇ ರಂಧ್ರದಲ್ಲಿ ಹಲವು ಗಿಡ್ಡ ಆಂಕರುಗಳನ್ನು ಬೇರೆ ಬೇರೆ ಆಳದಲ್ಲಿ ನಿಲ್ಲಿಸಿ, ಪ್ರತಿಯೊಂದನ್ನೂ ಪ್ರತ್ಯೇಕ ಜ್ಯಾಕಿನಿಂದ ಎಳೆಯುವ ವಿಧಾನವಿದೆ.

ನೀವು ಗುತ್ತಿಗೆದಾರರಲ್ಲಿ ಕೇಳಬೇಕಾದದ್ದು ಎಳೆತ ಪರೀಕ್ಷೆಯ ದಾಖಲೆಯನ್ನು. ಗುಂಡಿಯ ಗೋಡೆಗೂ ಹಿಡಿತದ ಭಾಗಕ್ಕೂ ನಡುವೆ ಗ್ರೌಟಿಗೆ ಅಂಟದೆ ಉಳಿಯುವ ಭಾಗದ ಉದ್ದದಿಂದ ಎಳೆ ಎಷ್ಟು ಹಿಗ್ಗಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ಅಳತೆ ಅದಕ್ಕಿಂತ ಗಮನಾರ್ಹವಾಗಿ ಹೆಚ್ಚಿದ್ದರೆ, ಹೊರಬದಿಯ ಹಿಡಿತ ಬಿಟ್ಟು ಒತ್ತಡ ಒಳಕ್ಕೆ ಸರಿದಿದೆ ಎಂದೇ ಶಂಕಿಸಬೇಕು.