ಮಗನಿಗೆ ನಾನು ಕಾಣ್ತೇನೆ, ನನಗೆ ಅವನು ಕಾಣೋದಿಲ್ಲ

ಒಂಟಿಯಾಗಿರುವ ಹಿರಿಯರ ವಿಷಯದಲ್ಲಿ ಮನೆಯವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಹೋದ ವರ್ಷ ಮಳೆಗಾಲದಲ್ಲಿ ಪುಣೆಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. "ನಮ್ಮ ಆಯಿ ದಿನಕ್ಕೆ ಹನ್ನೊಂದು ಸಾವಿರ ಹೆಜ್ಜೆ ನಡೀತಾಳೆ ಅಂತ ಅಣ್ಣ ಖುಷಿಯಲ್ಲಿದಾನೆ. ಆದ್ರೆ ಆಯಿಗೆ ಮಂಡಿನೋವು ಮೇಡಂ, ಹಾಲಿಗೆ ಅಂತ ಕೆಳಗೆ ಇಳಿದರೆ ಹತ್ತೋಕೆ ಕಾಲು ಗಂಟೆ ಬೇಕು. ಮೊನ್ನೆ ಹೋದಾಗ ತೋಳಿನ ಮೇಲೆ ಇಷ್ಟಗಲ ಕಪ್ಪು ಕಲೆ. ಬಾಗಿಲು ತಾಗಿತು ಅಂತಾಳೆ. ನನಗೆ ನಂಬಿಕೆ ಬರ್ತಿಲ್ಲ."

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕುಮಟಾ ಕಡೆಯ ಕುಟುಂಬ, ಮಕ್ಕಳು ಅಮ್ಮನನ್ನು ಆಯಿ ಅನ್ನುತ್ತಾರೆ. ಅವರಿರುವುದು ಮುಂಬಯಿಯ ಮುಲುಂಡಿನಲ್ಲಿ, ಆ ಬಿಲ್ಡಿಂಗಿನ ಮರಾಠಿ ಮಕ್ಕಳೂ ಅಮ್ಮನನ್ನು ಹಾಗೇ ಕರೆಯುವುದು. "ಮದುವೆಯಾಗಿ ಮುಂಬಯಿಗೆ ಬಂದಾಗ ನಾನು ಹೊಸದಾಗಿ ಕಲೀಬೇಕಾಗಿ ಬರದ ಶಬ್ದ ಇದೊಂದೇ" ಅಂದರು ಆ ಅಮ್ಮ ನನ್ನ ಹತ್ರ. ನಾನೂ ಇಲ್ಲಿ ಆಯಿ ಅಂತಲೇ ಬರೆಯುತ್ತೇನೆ.

ಆಯಿಗೆ 76. ಬುದ್ಧಿ ಚುರುಕು, ಅಡುಗೆ ಅವರದ್ದೇ. ಬಿಪಿಗೆ ಮಾತ್ರೆ ಇದೆ. ಗಂಡ ಬ್ಯಾಂಕಿನಲ್ಲಿದ್ದವರು, 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ತೀರಿಕೊಂಡರು. ಮಗ ನ್ಯೂಜೆರ್ಸಿಯಲ್ಲಿ. ಆ ಫೋನು ಬರುವುದಕ್ಕೆ ಎರಡು ವರ್ಷ ಮೊದಲು ಅವನು ಬಂದಾಗ ಹಾಲ್‌ನಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು ಕ್ಯಾಮೆರಾ ಹಾಕಿಸಿ, ಬಿದ್ದರೆ ತಾನೇ ಫೋನ್ ಮಾಡುವಂಥ ವಾಚ್ ಒಂದನ್ನು ಆಯಿಯ ಕೈಗೆ ಕಟ್ಟಿ, ಎಲ್ಲದರ ಆಪ್ ತನ್ನ ಫೋನಿಗೆ ಹಾಕಿಕೊಂಡು ಹೋದ. ಆಯಿಯನ್ನು ಕೇಳಿದ್ನಾ? ಕೇಳಿದ್ದ. "ಹಾಕ್ಸಲಾ ಆಯಿ?" ಅಂತ, ಆಗಲೇ ಏಣಿ ಹತ್ತಿ ಗೋಡೆಗೆ ತೂತು ಕೊರೆಯುವಾಗ.

ಆಯಿ ನನ್ನ ಆಫೀಸಿಗೆ ಬರೋದಿಲ್ಲ ಅಂದರು. ನಾನೇ ಮನೆಗೆ ಹೋದೆ. ಲೋಟದ ತುಂಬ ಅಪ್ಪೆಹುಳಿ ಕೊಟ್ಟರು. ಕುಡಿಯುತ್ತಾ ನೋಡಿದರೆ ಹಾಲ್‌ನ ಶೋಕೇಸಿನ ಮೇಲೆ ಒಂದು ಕಾಲನಿರ್ಣಯ ಕ್ಯಾಲೆಂಡರು ಗೋಡೆಗೆ ನೇತು ಹಾಕದೆ ಸುಮ್ನೆ ಒರಗಿ ನಿಂತಿತ್ತು, ಅದರ ಹಿಂದೆ ಸಣ್ಣ ನೀಲಿ ಬೆಳಕು. ನಾನು ನೋಡಿದ್ದನ್ನು ಆಯಿ ನೋಡಿದರು.

"ಒಂದಿನ ಬಟ್ಟೆ ಮಡಚ್ತಾ ಕೂತಿದ್ದೆ. ಶೋಕೇಸಿನಿಂದ ಮಾತು ಬಂತು, ಆಯಿ ಇನ್ನೂ ಮಾತ್ರೆ ತಗೊಂಡಿಲ್ವಾ ಅಂತ. ಎದೆ ಧಸಕ್ಕಂತು. ಮಗನಿಗೆ ನಾನು ಕಾಣ್ತೇನೆ, ನನಗೆ ಅವನು ಕಾಣೋದಿಲ್ಲ. ಇದೆಂಥ ಮಾತುಕತೆ ಹೇಳಿ."

ಮುಂದೆ ವಾಚಿನ ಕಥೆ ತಾನಾಗೇ ಬಂತು. ಹೆಜ್ಜೆ ಕಡಿಮೆಯಾದರೆ ಸಂಜೆ ಮಗನ ಫೋನು, ಯಾಕೆ ಆಯಿ ಇವತ್ತು ಎಂಟುನೂರೇ ಅಂತ. ಆಯಿ ಉಪಾಯ ಮಾಡಿದರು. ಬೆಳಗ್ಗೆ ಎಂಟೂವರೆಗೆ ಪಾತ್ರೆ, ನೆಲಕ್ಕೆ ಬರುವ ಬಾಯಿಯ (ಮನೆಗೆಲಸದವಳನ್ನು ಮುಂಬಯಿಯಲ್ಲಿ ಹೀಗೇ ಕರೆಯೋದು) ಕೈಗೆ ವಾಚ್ ಕಟ್ಟಿ ಕಳಿಸುವುದು. ಅವಳು ಆ ಬಿಲ್ಡಿಂಗಿನಲ್ಲೇ ಏಳು ಮನೆ ಮುಗಿಸಿ, ಮಧ್ಯಾಹ್ನ ಎರಡಕ್ಕೆ ಬಂದು ವಾಪಸ್ ಕೊಡುವುದು. ನನಗೆ ನಗು ತಡೆಯೋಕಾಗಲಿಲ್ಲ, ಆಯಿಯೂ ನಕ್ಕರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಉಳಿದದ್ದನ್ನು ಹೇಳಿದರು. ಹದಿನೈದು ದಿನದ ಹಿಂದೆ ಬಚ್ಚಲಲ್ಲಿ ಬಗ್ಗಿ ಬಟ್ಟೆ ಕುಕ್ಕಿ ಎದ್ದಾಗ ತಲೆ ತಿರುಗಿ ಬಿದ್ದಿದ್ದರು. ಹನ್ನೆರಡೂವರೆ ಹೊತ್ತು. ಬಕೆಟ್ ಹಿಡಿದು, ವಾಷಿಂಗ್ ಮಷೀನಿನ ಅಂಚು ಹಿಡಿದು ಏಳೋಕೆ ಒಂದು ಗಂಟೆ ಮೇಲೆ ಹಿಡಿಯಿತು. ವಾಚ್ ಆಗ ನಾಲ್ಕನೇ ಮಹಡಿಯಲ್ಲಿ ಹೆಜ್ಜೆ ಎಣಿಸುತ್ತಿತ್ತು. ಅದನ್ನು ವಾಪಸ್ ಕೊಡೋಕೆ ಬಾಯಿ ಬೆಲ್ ಮಾಡಿದಾಗ ಆಯಿ ಹೇಗೋ ಗೋಡೆ ಹಿಡಿದು ಬಂದು ಬಾಗಿಲು ತೆಗೆದಿದ್ದರು.

"ಮಕ್ಕಳಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಾರನೇ ದಿನ ಪುಣೆ. ಆಮೇಲೆ ಮನೆ ಮಾರೋ ಮಾತು."

ನನ್ನ ಮಟ್ಟಿಗೆ ಇಡೀ ಪ್ರಕರಣ ಈ ಒಂದು ಮಾತಿನಲ್ಲಿದೆ. ಬಿದ್ದದ್ದು ಮಕ್ಕಳಿಗೆ ಗೊತ್ತಾದರೆ ಏನಾಗುತ್ತದೆ ಅನ್ನೋ ಭಯ ಬೀಳುವ ಭಯಕ್ಕಿಂತ ದೊಡ್ಡದಿತ್ತು. ಹಾಗಿರುವಾಗ ಎಂಥ ಸೆನ್ಸರ್ ತಂದರೂ ಆಯಿ ಅದಕ್ಕೊಂದು ಕ್ಯಾಲೆಂಡರ್ ಹುಡುಕುತ್ತಿದ್ದರು, ಅಲ್ವಾ?

ಮಗನ ಜೊತೆ ವಿಡಿಯೋ ಕಾಲಿನಲ್ಲಿ ಮೂರು ಸಲ ಕೂತೆ. ಮೊದಲ ದಿನ "ಆಯಿ ಏನೆಲ್ಲ ಹೇಳಿದಳು, ಸ್ವಲ್ಪ ಹೇಳಿ" ಅಂದರು. ಅದು ಆಗೋದಿಲ್ಲ ಅಂದೆ. ಬಿದ್ದ ವಿಷಯ ಆಯಿಯೇ ಹೇಳಬೇಕಿತ್ತು, ಎರಡನೇ ಸಲಕ್ಕೆ ಹೇಳಿದರು. ಮಗ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಿದ್ದು: "ಅಪ್ಪನ ಅಂತ್ಯಸಂಸ್ಕಾರ ನಾನು ಫೋನಿನಲ್ಲಿ ನೋಡಿದೆ ಮೇಡಂ. ಅವತ್ತಿಂದ ಆಯಿಯ ಮನೆ ನನ್ನ ಫೋನಿನಲ್ಲಿ ಕಾಣದಿದ್ರೆ ನನಗೆ ನಿದ್ರೆ ಬರೋದಿಲ್ಲ." ಆಯಿಗೆ ಇದು ಗೊತ್ತೇ ಇರಲಿಲ್ಲ. ಕ್ಯಾಮೆರಾ ಇದ್ದದ್ದು ಆಯಿಯ ಕಾಳಜಿಗೆ ಎಷ್ಟೋ ಅಷ್ಟೇ ಮಗನ ನಿದ್ರೆಗೂ. ಅದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು.

ನಾನು ಮೊದಲು ಬರೆಸಿದ್ದು ಒಂದು ಚೀಟಿ. ಮಗ, ಮಗಳು ಇಬ್ಬರೂ ಸಹಿ ಹಾಕಿದರು. ಆಯಿ ಬಿದ್ದರೆ ಮೊದಲು ಡಾಕ್ಟರು, ಆಮೇಲೆ ಮನೆಯಲ್ಲೇ ಏನು ಬದಲಿಸಬೇಕು ಅನ್ನೋ ಮಾತು. ಎಲ್ಲಿ ಇರಬೇಕು ಅನ್ನೋ ಮಾತನ್ನು ಒಂದು ತಿಂಗಳು ಯಾರೂ ಎತ್ತುವಂತಿಲ್ಲ, ಎತ್ತಿದರೂ ಆಯಿಯ ಎದುರೇ ಎತ್ತಬೇಕು. ಬದಲಿಗೆ ಆಯಿ ಬಿದ್ದದ್ದನ್ನಾಗಲಿ, ತಲೆ ತಿರುಗಿದ್ದನ್ನಾಗಲಿ ಮುಚ್ಚಿಡುವಂತಿಲ್ಲ. ಇದಕ್ಕೆ ಕಾನೂನಿನ ಬಲ ಏನೂ ಇಲ್ಲ. ಆದರೂ ಆಯಿ ಅದನ್ನು ಲಾಕರಿನ ಚಾವಿ ಇಡುವ ಡಬ್ಬಿಯಲ್ಲಿ ಇಟ್ಟಿದ್ದಾರೆ.

ಎರಡನೆಯದು ಡಾಕ್ಟರು. ಬಿಪಿ ಮಾತ್ರೆ ತಗೊಳ್ಳುವವರಿಗೆ ಬಗ್ಗಿ ಎದ್ದಾಗ ಬಿಪಿ ಸರ್ರನೆ ಇಳಿದು ತಲೆ ತಿರುಗೋದು ಉಂಟು. ಕೂತಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ನೋಡಿ ಅಂತ ಕೇಳಿಸಿದೆ. ವ್ಯತ್ಯಾಸ ಜಾಸ್ತಿ ಇತ್ತು, ಡಾಕ್ಟರು ಡೋಸ್ ಬದಲಿಸಿದರು. ಎರಡು ವರ್ಷ ಹೆಜ್ಜೆ ಎಣಿಸಿದ ವಾಚಿಗೆ ಇದು ಸಿಕ್ಕಿರಲಿಲ್ಲ.

ಈಗ ಯಂತ್ರಗಳ ಮಾತು. ನಾನು ವಿರೋಧಿ ಅಲ್ಲ. ಬಿದ್ದವರು ನೆಲದ ಮೇಲೆ ಒಂದು ಗಂಟೆಗಿಂತ ಜಾಸ್ತಿ ಬಿದ್ದಿದ್ದರೆ ಮೂಳೆ ಮುರಿಯದಿದ್ದರೂ ಮೈಯ ನೀರು ಕಡಿಮೆಯಾಗಿ, ಸ್ನಾಯುಗಳಿಗೆ ಪೆಟ್ಟಾಗಿ ಕಿಡ್ನಿವರೆಗೂ ತೊಂದರೆ ಹೋಗಬಹುದು. ಹಾಗಾಗಿ ಬೇಗ ಗೊತ್ತಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾಚ್ ಹಿಡಿಯುವುದು ಧಡಕ್ಕನೆ ಬಿದ್ದದ್ದನ್ನು. ಗೋಡೆಗೆ ಒರಗಿ ಮೆಲ್ಲಗೆ ಜಾರಿ ಕೂತರೆ ಅದಕ್ಕೆ ಗೊತ್ತಾಗದೇ ಹೋಗಬಹುದು. ಆಯಿಯ ಹತ್ರ ನಾನು ಕೇಳಿದ್ದು ಇಷ್ಟೇ: ನಿಮ್ಮ ಬಗ್ಗೆ ಮಗನಿಗೆ ಏನು ಗೊತ್ತಾದರೆ ಪರವಾಗಿಲ್ಲ? "ನಾನು ಬೆಳಗ್ಗೆ ಎದ್ದೆ ಅಂತ ಗೊತ್ತಾದ್ರೆ ಸಾಕು" ಅಂದರು.

ಸರಿ, ಕ್ಯಾಮೆರಾ ಎರಡನ್ನೂ ತೆಗೆಸಿದೆವು. ತೆಗೆಯುವಾಗ ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ವಿಚಾರಿಸಿದರೆ ಮಗ, ಸೊಸೆ, ಜೊತೆಗೆ ಅವತ್ತು ಸೆಟ್ ಮಾಡಿಕೊಟ್ಟ ಸೊಸೆಯ ತಮ್ಮ! ಅವನು ನೋಡುತ್ತಿದ್ದ ಅಂತಲ್ಲ, ನೋಡಬಹುದಿತ್ತು. ಮನೆಯಲ್ಲಿ ಕ್ಯಾಮೆರಾ ಇರುವವರು ಇವತ್ತೇ ಒಮ್ಮೆ ಕೇಳಿಕೊಳ್ಳಿ.

ಅದರ ಬದಲು ಅಡುಗೆಮನೆ ಹಾದಿಯಲ್ಲಿ ಓಡಾಟ ಗುರುತಿಸುವ ಸಣ್ಣ ಸೆನ್ಸರ್ ಒಂದು. ಅದರಲ್ಲಿ ಚಿತ್ರ ಇಲ್ಲ, ಮಾತು ಇಲ್ಲ. ಬೆಳಗ್ಗೆ ಎಂಟು ಗಂಟೆಯೊಳಗೆ ಓಡಾಟ ಕಾಣದಿದ್ದರೆ ಮೆಸೇಜ್ ಹೋಗುತ್ತದೆ. ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ ಅಂತ ರೌಟರಿಗೆ ಪುಟ್ಟ ಬ್ಯಾಟರಿ ಹಾಕಿಸಿದೆವು. ಒತ್ತಿದರೆ ಸಹಾಯಕ್ಕೆ ಕಾಲ್ ಹೋಗುವ, ಕೊರಳಿಗೆ ಹಾಕಿಕೊಳ್ಳುವ ಬಟನ್ ಒಂದು. ಇಲ್ಲಿ ನಾನೇ ಎಡವಿದೆ. ಮುಂದಿನ ಸಲ ಹೋದಾಗ ಅದು ಬಚ್ಚಲ ಹೊರಗೆ ಮೊಳೆಗೆ ನೇತಾಡುತ್ತಿತ್ತು, ಒದ್ದೆಯಾದೀತು ಅಂತ. ನೀರು ತಾಗಿದರೆ ಹಾಳಾಗದ ಬಟನ್ ಅದು, ನಾನು ಹೇಳೋದು ಮರೆತಿದ್ದೆ. ಇನ್ನೊಂದು ಬಟನ್ ಬಚ್ಚಲ ಗೋಡೆಗೆ, ನಿಂತವರ ಕೈಗಲ್ಲ, ನೆಲದಲ್ಲಿ ಬಿದ್ದವರ ಕೈಗೆ ಸಿಗುವ ಹಾಗೆ ಒಂದು ಅಡಿ ಎತ್ತರದಲ್ಲಿ ಅಂಟಿಸಿದೆವು.

ಆದರೆ ಬಟನ್ ಒತ್ತಿದರೆ ಯಾರಿಗೆ ಹೋಗಬೇಕು? ಮಗನಿಗೆ ಅಂತ ಮೊದಲು ಇತ್ತು. ಮಳೆಗಾಲದಲ್ಲಿ ಇಲ್ಲಿ ಹನ್ನೆರಡೂವರೆ ಅಂದರೆ ನ್ಯೂಜೆರ್ಸಿಯಲ್ಲಿ ಬೆಳಗಿನ ಜಾವ ಮೂರು. ಮಗಳು ಪುಣೆಯಿಂದ ಬರೋಕೆ ಮೂರು ತಾಸು ಮೇಲೆ ಬೇಕು. ಎದುರು ಮನೆಯ ಗುಜರಾತಿ ಬೆನ್ (ಗುಜರಾತಿಯಲ್ಲಿ ಅಕ್ಕ) ಬರೋಕೆ ಹತ್ತು ಹೆಜ್ಜೆ. ಮೊದಲ ಕಾಲ್ ಅವರಿಗೆ, ಎರಡನೆಯದು ಸೊಸೈಟಿ ಸೆಕ್ರೆಟರಿಗೆ, ಆಮೇಲೆ ಮಕ್ಕಳಿಗೆ. ಚಾವಿಯ ಒಂದು ಜೊತೆ ಬೆನ್ ಹತ್ರ. ಚಾವಿ ಇಲ್ಲದ ಅಲಾರಾಂ ಬರೀ ಗಲಾಟೆ. ಹಾಗೇ ಬಚ್ಚಲ ಬಾಗಿಲಿನ ಬೋಲ್ಟ್ ತೆಗೆಸಿ, ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆರೆಯುವಂಥದ್ದು ಹಾಕಿಸಿದೆವು. ಬಾಗಿಲು ಒಳಕ್ಕೆ ತೆರೆಯುತ್ತಿತ್ತು, ಬಿದ್ದವರು ಅಡ್ಡ ಇದ್ದರೆ ನೂಕೋಕೂ ಆಗಲ್ಲ. ಬಡಗಿ ಬಂದು ಅದನ್ನು ಹೊರಕ್ಕೆ ತಿರುಗಿಸಿಕೊಟ್ಟ. ಎಲ್ಲದಕ್ಕಿಂತ ಉಪಯೋಗಕ್ಕೆ ಬಂದ ಕೆಲಸ ನನ್ನ ಪ್ರಕಾರ ಇದೇ.

ಫೋನಿನ ಪಕ್ಕ ದೊಡ್ಡ ಅಕ್ಷರದಲ್ಲಿ ನಂಬರ್ ಬರೆದಿಟ್ಟೆವು: ಆಂಬುಲೆನ್ಸಿಗೆ 108, ತುರ್ತಿಗೆ 112, ಹಿರಿಯ ನಾಗರಿಕರಿಗೆ ಮುಂಬಯಿ ಪೊಲೀಸರ 1090. ಮಾಹಿತಿಗೆ ಎಲ್ಡರ್‌ಲೈನ್ 14567, ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ.

ಇನ್ನು ಮಗನ ನಿದ್ರೆ. ದಿನಾ ಸಂಜೆ ಏಳಕ್ಕೆ ವಿಡಿಯೋ ಕಾಲ್, ಮಾಡುವುದು ಆಯಿ. ಮಾತ್ರೆ, ಹೆಜ್ಜೆ ಕೇಳುವಂತಿಲ್ಲ. ಮೊದಲ ವಾರ ಇಬ್ಬರಿಗೂ ಮಾತೇ ಸಿಗಲಿಲ್ಲವಂತೆ. ಈಗ ಅವನು ಫೋನನ್ನು ಒಲೆಯ ಪಕ್ಕ ಇಟ್ಟುಕೊಂಡು ತಿಂಡಿ ಮಾಡುತ್ತಾನೆ, ಆಯಿ ಉಪ್ಪು ಸಾಕಾ ಅಂತ ನೋಡುತ್ತಾರೆ.

ಮೊನ್ನೆ ಒಂದು ಸಲ ಬೆಳಗ್ಗೆ ಎಂಟಕ್ಕೆ ಸೆನ್ಸರ್ ಕೂಗಿದೆ. ಬೆನ್ ಚಾವಿ ಹಾಕಿ ಒಳಗೆ ಹೋದರೆ ಮನೆ ಖಾಲಿ. ಆಯಿ ಹಿಂದಿನ ಸಂಜೆ ಮಾಟುಂಗಾದಲ್ಲಿ ಕಾರ್ಯಕ್ರಮ ಅಂತ ಹೋದವರು ಅಲ್ಲೇ ನೆಂಟರ ಮನೆಯಲ್ಲಿ ಉಳಿದಿದ್ದರು, ಹೇಳೋಕೆ ಮರೆತು. ಮಗನ ಹತ್ರ ಬೈಸಿಕೊಂಡರಂತೆ. ನನಗೆ ಫೋನ್ ಮಾಡಿ ಹೇಳುವಾಗ ದನಿಯಲ್ಲಿ ಖುಷಿಯೇ ಇತ್ತು.

ಆ ವಾಚ್ ಈಗಲೂ ಬಾಯಿಯ ಕೈಯಲ್ಲೇ ಇದೆ. ಮಗ ಅವಳಿಗೇ ಕೊಟ್ಟುಬಿಟ್ಟ. ಹೆಜ್ಜೆಯ ಲೆಕ್ಕ ಮಾತ್ರ ಅವನ ಫೋನಿಗೆ ಹೋಗೋದಿಲ್ಲ.