ವಿಶ್ವಸಂಸ್ಥೆಯ ಪರೀಕ್ಷೆ: ಮೊದಲು ದೇಶಗಳ ಪಟ್ಟಿ ನೋಡಿ

ಪ್ರಶ್ನೆ: ಕೊಣಾಜೆಯಲ್ಲಿ ಸಂಖ್ಯಾಶಾಸ್ತ್ರ ಎಂ.ಎಸ್ಸಿ. ಮುಗಿಸಿದ್ದೇನೆ, ವಯಸ್ಸು 27. ಕೆಪಿಎಸ್‌ಸಿಯ ಹಾಗೆ ವಿಶ್ವಸಂಸ್ಥೆಯ ಕಾಯಂ ಹುದ್ದೆಗೂ ಪರೀಕ್ಷೆ ಇದೆಯಂತೆ. ತಯಾರಿ ಹೇಗೆ?
– ಓದುಗರು, ಉಡುಪಿ

ಉತ್ತರ: ಇದೆ. ಯಂಗ್ ಪ್ರೊಫೆಷನಲ್ಸ್ ಪ್ರೋಗ್ರಾಂ, ಅಂದರೆ ವೈಪಿಪಿ. ಆದರೆ ಪುಸ್ತಕ ಕೊಳ್ಳುವ ಮುಂಚೆ ಆ ವರ್ಷದ ದೇಶಗಳ ಪಟ್ಟಿ ನೋಡಿ. ವಿಶ್ವಸಂಸ್ಥೆಯ ಸಚಿವಾಲಯದಲ್ಲಿ ಯಾವ ದೇಶದವರು ಕಡಿಮೆ ಇದ್ದಾರೋ ಅವರಿಗಷ್ಟೇ ಅವಕಾಶ. ಯಾವ ದೇಶಕ್ಕೆ ಎಷ್ಟು ಪಾಲು ಎಂಬ ಲೆಕ್ಕದಲ್ಲಿ ಜನಸಂಖ್ಯೆಯ ಜೊತೆಗೆ ಸದಸ್ಯತ್ವವೂ ಆ ದೇಶ ಕಟ್ಟುವ ವಂತಿಗೆಯೂ ಸೇರುತ್ತವೆ. ಪಟ್ಟಿಯಲ್ಲಿ ಭಾರತ ಇಲ್ಲದಿದ್ದರೆ ರ‍್ಯಾಂಕ್ ಪಡೆದವರ ಅರ್ಜಿಯೂ ನಿಲ್ಲದು. ಪರೀಕ್ಷೆಯ ವಿಷಯಗಳೂ ವರ್ಷವರ್ಷ ಬದಲಾಗುತ್ತವೆ. ಸಂಖ್ಯಾಶಾಸ್ತ್ರ ಇದೆಯೇ ಎಂದು ಜೊತೆಗೇ ನೋಡಿಕೊಳ್ಳಿ.

ಪರೀಕ್ಷೆ ನಡೆಯುವ ವರ್ಷದ ಡಿಸೆಂಬರ್ 31ಕ್ಕೆ ವಯಸ್ಸು 32 ಮೀರಿರಬಾರದು. ಪದವಿ ಸಾಕು, ಅನುಭವ ಕಡ್ಡಾಯವಲ್ಲ. ಇಂಗ್ಲಿಷ್ ಅಥವಾ ಫ್ರೆಂಚ್ ಚೆನ್ನಾಗಿ ಬರಬೇಕು.

ಹೆಚ್ಚಿನವರು ಎಡವುವುದು ಇನ್‌ಸ್ಪೈರಾ ಎಂಬ ಅರ್ಜಿ ತಾಣದಲ್ಲಿ. ಅಲ್ಲಿ ಓದಿದ ವಿಷಯವನ್ನು ಪಟ್ಟಿಯಿಂದ ಆರಿಸಬೇಕು. ಸಂಖ್ಯಾಶಾಸ್ತ್ರ ಓದಿ ‘ಇತರೆ’ ಒತ್ತಿದರೆ ಮೊದಲ ಜಾಲರಿಯಲ್ಲೇ ಸೋಸಿಹೋಗುವ ಅಪಾಯವಿದೆ. ‘ಸೇವ್’ ಮಾಡಿದರೆ ಅರ್ಜಿ ಹೋದಂತಲ್ಲ, ‘ಸಬ್ಮಿಟ್’ ಆಗಬೇಕು. ಕೊನೆಯ ಗಡುವು ನ್ಯೂಯಾರ್ಕ್ ಸಮಯದ್ದು: ಅಲ್ಲಿ ರಾತ್ರಿ 11.59 ಎಂದರೆ ನಮಗೆ ಮರುದಿನ ಬೆಳಿಗ್ಗೆ 9.29, ಅಲ್ಲಿನ ಚಳಿಗಾಲದಲ್ಲಿ 10.29. ಅಷ್ಟು ಹೊತ್ತು ಕಾಯಬೇಡಿ, ಎರಡು ದಿನ ಮೊದಲೇ ಕಳಿಸಿ.

ಲಿಖಿತ ಪರೀಕ್ಷೆ ದಾಟಿದರೆ ಸಂದರ್ಶನ. ಅಲ್ಲಿ ‘ಸಹೋದ್ಯೋಗಿಯೊಡನೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ’ ಎಂಬಂಥ ಪ್ರಶ್ನೆ. ‘ನಾವು ಮಾಡಿದೆವು’ ಎಂದರೆ ಸಾಲದು. ಸಂದರ್ಭ ಏನು, ನೀವೊಬ್ಬರು ಮಾಡಿದ್ದೇನು, ಫಲ ಏನಾಯಿತು ಎಂದು ಬಿಡಿಸಿ ಹೇಳಿ. ನಿಮ್ಮ ಪ್ರಾಜೆಕ್ಟ್‌ಗಳಿಂದ ಇಂಥ ಐದಾರು ಪ್ರಸಂಗ ಈಗಲೇ ಬರೆದಿಡಿ.

ಪಾಸಾದವರ ಹೆಸರು ರೋಸ್ಟರ್‌ಗೆ, ಅಂದರೆ ಆಯ್ಕೆಗೆ ಅರ್ಹರಾದವರ ಪಟ್ಟಿಗೆ ಸೇರುತ್ತದೆ. ಹುದ್ದೆ ಖಾಲಿಯಾದರಷ್ಟೇ ಕರೆ. ಮೊದಲು ಎರಡು ವರ್ಷದ ನೇಮಕ, ಕೆಲಸ ಚೆನ್ನಾಗಿದ್ದರೆ ಮುಂದೆ ಕಾಯಂಗೆ ದಾರಿ.

ಈ ಒಂದೇ ಬಾಗಿಲನ್ನು ನಂಬಿ ಕೂರಬೇಡಿ ಎಂಬುದು ನಮ್ಮ ಕಳಕಳಿ. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು ದೆಹಲಿ ಕಚೇರಿಗಳಿಗೆ ಭಾರತೀಯರನ್ನೇ ನೇರವಾಗಿ ತೆಗೆದುಕೊಳ್ಳುವ ಹುದ್ದೆಗಳಿವೆ. ಯುಎನ್ ವಾಲಂಟಿಯರ್ಸ್‌ನಲ್ಲಿ ನೋಂದಣಿ ಉಚಿತ.

ಪ್ರಶ್ನೆ: ಮಂಗಳೂರಿನ ಏಜೆಂಟರೊಬ್ಬರು ‘ಯುಎನ್ ಪರೀಕ್ಷಾ ಶುಲ್ಕ’ ಎಂದು ಮಗನಿಂದ ಹಣ ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರು, ಸುರತ್ಕಲ್

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ಅರ್ಜಿ, ಪರೀಕ್ಷೆ, ಸಂದರ್ಶನ, ತರಬೇತಿ, ಯಾವ ಹಂತದಲ್ಲೂ ವಿಶ್ವಸಂಸ್ಥೆ ಶುಲ್ಕ ತೆಗೆದುಕೊಳ್ಳುವುದಿಲ್ಲ, ಬ್ಯಾಂಕ್ ಖಾತೆಯ ವಿವರವನ್ನೂ ಕೇಳುವುದಿಲ್ಲ. ಆನ್‌ಲೈನ್‌ನಲ್ಲಿ ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.